ಜೋಡು ಕೊಕ್ಕೆ

ಶನಿವಾರ, ಬಟವಾಡೆ ದಿನ.
ಕಲಬುರಗಿ ಗಂಜಿನಲ್ಲಿ ನಮ್ಮದು ಏಳನೇ ಅಡತಿ,
ಮೇಲಿನ ಕೋಣೆಯಲ್ಲಿ ನಾನು, ಒಂದು ಹಳೇ ಸರ್ವರ್,
ಕೀಲಿಗಳ ಸಂದಿಯಲ್ಲಿ ತೊಗರಿ ಹೊಟ್ಟು.
ಕೆಳಗೆ ಕಾಂಟಾದ ಪಕ್ಕ
ಚೀಲಕ್ಕೆ ಬೆನ್ನು ಆನಿಸಿ ಇಪ್ಪತ್ತಾರು ಮಂದಿ.

"ಆತೇನ್ರಿ ನೀಲಗಂಗಾ ಬಾಯಿ?"
ಮೆಟ್ಟಿಲ ಬುಡದಿಂದ ಭೀಮಶಾ ಕೂಗುತ್ತಾನೆ.
"ಆಗ್ಲಿಕತ್ತದ, ತಡಿ."
ಆಗುತ್ತಿಲ್ಲ.

ಹಮಾಲಿ ಎಂಬ ಕಾಲಮ್ಮೇ ಇಲ್ಲ
ಅನ್ನುತ್ತದೆ ಯಂತ್ರ, ಕೆಂಪಗೆ.
ಇಲ್ಲೇ ಅದಲೋ ಖೋಡಿ!
ತೂಕ, ದರ, ತೇವ, ಚೀಲದ ಲೆಕ್ಕ,
ಅದರ ಮಗ್ಗುಲಿಗೇ ಹಮಾಲಿ.
ಬೆರಳಿಟ್ಟು ತೋರಿಸಿದೆ ಪರದೆಗೆ,
ಬೆರಳಿನ ಗುರುತು ಉಳಿಯಿತು, ಮಾತು ಬದಲಾಗಲಿಲ್ಲ.

ಅಕ್ಷರ ಅಕ್ಷರ ಬಿಡಿಸಿ ಓದಿದೆ.
ಕಾಣದ ಖಾಲಿ ಜಾಗ ಅಂಟಿದೆಯೇನೋ ಎಂದು
ಹಿಂದೆ ಮುಂದೆ ಸವರಿದೆ.
ಹೋದ ಸಾಲಿನ ಟೇಬಲ್ ತೆರೆದೆನೇನೋ. ಅಲ್ಲ.
ಸರ್ವರ್ ಬಂದ್ ಮಾಡಿ ಚಾಲೂ ಮಾಡಿದೆ,
ಇರಲಿ ಎಂದು ಕರೆಂಟಿನವರಿಗೂ ಒಂದು ಬೈದೆ.

ನಾಲ್ಕು ಗಂಟೆಗೆ ಕಂಡಿತು:
ಮೂವತ್ತೊಂಬತ್ತು ಕಾಲಮ್ಮುಗಳಿಗೆ ಇಂಗ್ಲಿಷಿನ ಸಣ್ಣಕ್ಷರ,
ಈ ಒಂದಕ್ಕೆ ಮಾತ್ರ ಮೊದಲಲ್ಲಿ
ರುಮಾಲು ಸುತ್ತಿಕೊಂಡ ದೊಡ್ಡ ಎಚ್.

ನಾನೂ ದೊಡ್ಡ ಎಚ್ಚನ್ನೇ ಒತ್ತಿ ಕೊಟ್ಟೆ.
ಮತ್ತೆ ಇಲ್ಲ ಅಂದಿತು.
ಬರಿಮೈಯಲ್ಲಿ ಬಂದ ಹೆಸರನ್ನೆಲ್ಲ
ಹೊಸ್ತಿಲಲ್ಲೇ ಕುಗ್ಗಿಸಿ ಒಳಗೆ ಬಿಟ್ಟುಕೊಳ್ಳುವುದು
ಅದರ ರಿವಾಜು. ಗೊತ್ತಿದ್ದೂ ಮರೆತಿದ್ದೆ.
ಒಂಟಿ ಕೊಕ್ಕೆ ಹಾಕಿ ಎತ್ತಿದೆ.
ನಾನೂರಾ ಹನ್ನೆರಡು ಸಾಲು ಸರಸರ ಇಳಿದವು:
ಹಮಾಲಿ, ಹಮಾಲಿ, ಹಮಾಲಿ, ಹಮಾಲಿ,
ಒಂದರಲ್ಲೂ ರೊಕ್ಕ ಇಲ್ಲ, ಬರೇ ಶಬ್ದ.
ಈ ಪೇಟೆಗೆ ಅದೇನು ಹೊಸದಲ್ಲ.

ನಮ್ಮ ಅಕ್ಷರದಲ್ಲಿ ಈ ತಂಟೆಯಿಲ್ಲ.
ಹ ಅಂದರೆ ಹ,
ಹಮಾಲನಿಗೂ ಅದೇ, ಹರನಿಗೂ ಅದೇ,
ತಲೆಕಟ್ಟು ಎಲ್ಲರಿಗೂ ಒಂದೇ ಅಳತೆ.
ದೊಡ್ಡವರು ಸಣ್ಣವರು ಎಂಬುದನ್ನು ನಾವು
ಬಳಪದಲ್ಲಿ ಇಟ್ಟಿಲ್ಲ, ನಾಲಿಗೆಯಲ್ಲಿ ಇಟ್ಟಿದ್ದೇವೆ:
ಸಾವ್ಕಾರ್ರು ಬಂದ್ರು. ಭೀಮ್ಯಾ ಬಂದ.

ಈ ಟೇಬಲ್ ಕಟ್ಟಿದವನು ಜೀಲಾನಿ,
ನನಗಿಂತ ಮೊದಲು ಈ ಕುರ್ಚಿ ಅವನದು.
ಉರ್ದು ಶಾಲೆಯಲ್ಲಿ ಕಲಿತವನು. ಆ ಬರಹದಲ್ಲೂ
ಅಕ್ಷರಗಳು ಕೈ ಕೈ ಹಿಡಿದು ನಡೆಯುತ್ತವೆ,
ಸಾಲಿನ ಮುಂದೆ ಯಾರೂ ಎದೆ ಸೆಟೆಸುವುದಿಲ್ಲ.
ಅವನ ಅಪ್ಪ ಇದೇ ಗಂಜಿನಲ್ಲಿ ಚೀಲಕ್ಕೆ ಬೆನ್ನು ಕೊಟ್ಟವರು
ಅಂತ ಯಾರೋ ಒಮ್ಮೆ ಹೇಳಿದ ನೆನಪು.
ನನಗೆ ಕತೆ ಸಿಕ್ಕಿಬಿಟ್ಟಿತು.
ಗಂಟಲು ತುಂಬಿಕೊಂಡೇ ಫೋನ್ ಹಚ್ಚಿದೆ.

ಹುಮನಾಬಾದಿನಲ್ಲಿ ಈಗ ಟೈರಿನ ಅಂಗಡಿ.
ಹಿಂದೆ ಗಾಳಿ ತುಂಬುವ ಸದ್ದು.
"ದೊಡ್ಡ ಎಚ್ಚಾ? ಯಾದ್ ಇಲ್ಲ ಮೇಡಂ.
ಆ ಕೀಬೋರ್ಡಿಂದು ಶಿಫ್ಟ್ ಸಿಕ್ಕೊಂತಿತ್ತು ನೋಡ್ರಿ,
ಈಗೂ ಸಿಕ್ಕೊಂತದೇನು?"
ಒತ್ತಿ ನೋಡಿದೆ. ಇದು ಹೊಸದು, ಹೋದ ದೀಪಾವಳಿಯದು.
ಕೇಳೋಣವೆಂದರೆ ಹಳೆಯದು ಇಲ್ಲ.

ಆಮೇಲೆ ಜೋಡು ಕೊಕ್ಕೆ.
ಹೆಸರಿನ ಈ ಕಡೆ ಒಂದು ಜೊತೆ, ಆ ಕಡೆ ಒಂದು ಜೊತೆ,
ಭೀಮಶಾ ಚೀಲದ ಕಿವಿಗೆ ಚುಚ್ಚಿ ಎಳೆಯುವ ಹಾಗೆ.
ಎದ್ದಿತು.
ಸಾಲುಸಾಲಾಗಿ ರೊಕ್ಕ, ಪೈಸೆ ಸಮೇತ.

ಹೆಸರನ್ನೇ ಸಣ್ಣದು ಮಾಡಿಬಿಡಬಹುದಿತ್ತು.
ಒಂದೇ ಸಾಲಿನ ಕೆಲಸ,
ಮುಂದೆ ಈ ಕುರ್ಚಿಗೆ ಬರುವವರು ಎಡವುತ್ತಿರಲಿಲ್ಲ.
ಟೈಪೂ ಮಾಡಿದ್ದೆ.
ಎಂಟರ್ ಮೇಲೆ ಬೆರಳಿದ್ದಾಗ ಕೆಳಗಿಂದ
"ಏ ಭೀಮ್ಯಾ, ಛಾ ತಗೊಂಡ್ ಬಾರಲೇ."
ಅಳಿಸಿದೆ.
ಎಡವಲಿ.
ಗೋಡೆಗೆ ಒಂದು ಚೀಟಿ ಅಂಟಿಸಿದೆ, ಅಷ್ಟೇ.

ಪಾವತಿ ಪುಸ್ತಕ ಹಿಡಿದು ಮೆಟ್ಟಿಲಿಗೆ ಬಂದು
ಬಗ್ಗಿ ಕರೆದೆ:
"ಭೀಮಶಾ ಅವರೇ, ಮ್ಯಾಲೆ ಬರ್ರಿ, ಸಹಿ ಮಾಡ್ರಿ."

ಯಾರನ್ನು ಕರೆದೆನೋ ಎಂದು
ಛಾ ಲೋಟ ಹಿಡಿದುಕೊಂಡೇ ಅವರು
ಹಿಂದೆ ತಿರುಗಿ ನೋಡಿದರು.